ಅಜ್ಜ ಕೊಟ್ಟ ಎರಡು ಎಕರೆಯ ಲೆಕ್ಕ: ಉನ್ನತ ಶಿಕ್ಷಣ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಸಚಿವರೇ,

ನಮ್ಮೂರಿನಲ್ಲಿ ಕಾಲೇಜು ಕಟ್ಟಬೇಕೆಂದು ಹಿರಿಯರು ಜೋಳಿಗೆ ಹಿಡಿದು ಮನೆಮನೆಗೆ ಬಂದಾಗ ನನ್ನ ಅಜ್ಜ ರಸ್ತೆ ಬದಿಯ ಎರಡು ಎಕರೆ ಹೊಲವನ್ನು ದಾನಪತ್ರ ಮಾಡಿಸಿ ಕೊಟ್ಟರು. ಅವರಿಗೆ ಸಹಿ ಬರುತ್ತಿರಲಿಲ್ಲ, ಹೆಬ್ಬೆಟ್ಟು ಒತ್ತಿದರು. ಹೊಲವಿಲ್ಲದವರು ಜೋಳದ ಚೀಲ ಕೊಟ್ಟರು, ಅದೂ ಇಲ್ಲದವರು ಕಟ್ಟಡಕ್ಕೆ ಕಲ್ಲು ಹೊತ್ತರು. ಅದೇ ಕಾಲೇಜಿನಲ್ಲಿ ನಾನು ಓದಿದೆ. ಆಮೇಲೆ ಸರ್ಕಾರದ ವೇತನಾನುದಾನದಲ್ಲಿ ಮೂವತ್ತೊಂದು ವರ್ಷ ಅಲ್ಲೇ ಪಾಠ ಮಾಡಿದೆ.

ಇಂದು ಅಜ್ಜನ ಹೊಲದಲ್ಲಿ ಹನ್ನೆರಡು ಅಂಗಡಿ ಮಳಿಗೆಗಳೂ ಒಂದು ಕಲ್ಯಾಣ ಮಂಟಪವೂ ಇವೆ. ತರಗತಿಯ ಕೋಣೆ ಒಂದೂ ಇಲ್ಲ. ಬಾಡಿಗೆ ಎಷ್ಟು ಬರುತ್ತದೆ, ಯಾವ ಖಾತೆಗೆ ಹೋಗುತ್ತದೆ ಎಂದು ಆಡಳಿತ ಮಂಡಳಿಗೆ ಪತ್ರ ಬರೆದೆ. ನಮ್ಮದು ಖಾಸಗಿ ಸಂಸ್ಥೆ, ಹೊರಗಿನವರಿಗೆ ವಿವರ ಕೊಡಬೇಕಾಗಿಲ್ಲ ಎಂಬ ಒಂದು ಸಾಲಿನ ಉತ್ತರ ಬಂತು. 'ಹೊರಗಿನವರು' ಎಂಬ ಮಾತನ್ನು ಹೇಗೋ ನುಂಗಿಕೊಂಡೆ. 'ಖಾಸಗಿ' ಎಂಬುದು ಮಾತ್ರ ಗಂಟಲಿನಲ್ಲಿ ಇಳಿಯಲಿಲ್ಲ.

ನೆಲ ಊರಿನದು, ಸಂಬಳ ಬೊಕ್ಕಸದ್ದು, ಶುಲ್ಕ ಪೋಷಕರದು. ಖಾಸಗಿಯಾಗಿ ಉಳಿದದ್ದು ಲೆಕ್ಕದ ಪುಸ್ತಕ ಒಂದೇ.

ಮೈಸೂರು ಸಂಸ್ಥಾನವು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಕೊಟ್ಟದ್ದು 371 ಎಕರೆ 16 ಗುಂಟೆ. ನೂರು ವರ್ಷ ದಾಟಿದರೂ ಗುಂಟೆಯ ಲೆಕ್ಕವೂ ಮಾಸಿಲ್ಲ. ಶಿರಸಂಗಿಯ ಲಿಂಗರಾಜ ದೇಸಾಯಿಯವರು ತಮ್ಮ ಸಂಪತ್ತನ್ನು ಮಕ್ಕಳ ವಿದ್ಯೆಗೆಂದು ಮೃತ್ಯುಪತ್ರ ಬರೆದಿಟ್ಟರು. ಅಂಥ ದೊಡ್ಡ ದಾನಗಳಿಗೆ ಫಲಕವಿದೆ, ಜಯಂತಿಯಿದೆ. ಹೆಬ್ಬೆಟ್ಟಿನ ದಾನಗಳಿಗೆ ಉಪನೋಂದಣಾಧಿಕಾರಿ ಕಚೇರಿಯ ಹಳೆಯ ಸಂಪುಟವೊಂದೇ ಗತಿ. ಸಂಘಗಳ ನೋಂದಣಿ ಕಾಯ್ದೆ 1960ರಂತೆ ಸಂಸ್ಥೆಗಳು ವರ್ಷವರ್ಷ ಲೆಕ್ಕಪತ್ರ ಸಲ್ಲಿಸುತ್ತವೆ, ಇಲ್ಲವೆನ್ನುವುದಿಲ್ಲ. ನಮ್ಮ ಕಾಲೇಜಿನ ಹಳೆಯ ಆಸ್ತಿಪಟ್ಟಿಯೊಂದನ್ನು ನಾನು ನೋಡಿದ್ದೇನೆ. 'ಸ್ಥಿರಾಸ್ತಿ' ಎಂಬ ಒಂದೇ ಸಾಲು, ಮುಂದೆ ದಾನ ಬಂದ ಕಾಲದ ಬೆಲೆ. ಯಾವ ಸರ್ವೆ ನಂಬರು, ಕೊಟ್ಟವರ ಷರತ್ತೇನು, ಈಗ ಗುತ್ತಿಗೆ ಯಾರಿಗೆ ಎಂಬುದನ್ನು ಆ ಸಾಲಿನಿಂದ ಬ್ರಹ್ಮನೂ ಬಿಡಿಸಲಾರ.

ಇನ್ನು ಶುಲ್ಕ. ಈ ವಿಷಯದಲ್ಲಿ ಕರ್ನಾಟಕಕ್ಕೆ ಒಂದು ಕಹಿ ಹಿರಿಮೆಯಿದೆ. ಕ್ಯಾಪಿಟೇಶನ್ ಶುಲ್ಕವನ್ನು, ಅಂದರೆ ಸೀಟು ಕೊಡಲು ನಿಗದಿತ ಶುಲ್ಕದ ಮೇಲೆ ವಸೂಲಿ ಮಾಡುವ ಹಣವನ್ನು, ನಿಷೇಧಿಸುವ ಕಾಯ್ದೆ ನಮ್ಮಲ್ಲಿ 1984ರಲ್ಲೇ ಬಂತು. ಆದರೂ 1992ರ ಮೋಹಿನಿ ಜೈನ್ ಪ್ರಕರಣ ಹುಟ್ಟಿದ್ದು ಇಲ್ಲಿಯೇ: ಖಾಸಗಿ ವೈದ್ಯಕೀಯ ಕಾಲೇಜಿನಲ್ಲಿ ಸರ್ಕಾರಿ ಸೀಟಿಗೆ ವರ್ಷಕ್ಕೆ 2,000 ರೂಪಾಯಿ, ಹೊರರಾಜ್ಯದ ವಿದ್ಯಾರ್ಥಿನಿಗೆ 60,000. ಅನುದಾನ ಪಡೆಯದ ಖಾಸಗಿ ಕಾಲೇಜುಗಳು ತಮ್ಮ ಶುಲ್ಕವನ್ನು ತಾವೇ ನಿಗದಿ ಮಾಡಿಕೊಳ್ಳಬಹುದು, ಆದರೆ ಲಾಭಕೋರತನವೂ ಕ್ಯಾಪಿಟೇಶನ್ನೂ ಕೂಡದು ಎಂದು ಸುಪ್ರೀಂ ಕೋರ್ಟ್ 2002ರಲ್ಲಿ ಹೇಳಿದ ಟಿ.ಎಂ.ಎ. ಪೈ ಪ್ರಕರಣವೂ ನಮ್ಮ ರಾಜ್ಯದ್ದೇ.

ಕಾನೂನು ಬಂದ ಮೇಲೆ ಹಣದ ಹೆಸರು ಬದಲಾಯಿತು. ಕಟ್ಟಡ ನಿಧಿ, ಅಭಿವೃದ್ಧಿ ನಿಧಿ, 'ಸ್ವಇಚ್ಛೆಯ ದೇಣಿಗೆ'. ಪ್ರವೇಶ ಸಮಿತಿಯಲ್ಲಿ ನಾನೂ ಕುಳಿತಿದ್ದವನು. ಪೋಷಕರು ಪಕ್ಕದ ಕೋಣೆಗೆ ಹೋಗಿ, ಯಾವ ಒತ್ತಾಯವೂ ಇಲ್ಲದೆ ಕೊಟ್ಟಿದ್ದೇನೆ ಎಂದು ಬರೆದುಕೊಟ್ಟು ಬರುವುದನ್ನು ನೋಡಿದ್ದೇನೆ, ಸುಮ್ಮನೆ ಇದ್ದೇನೆ. ಆ ತಪ್ಪು ನನ್ನದೂ ಹೌದು. ವರ್ಷವಿಡೀ ಬತ್ತಿದ್ದ ಔದಾರ್ಯ ಪ್ರವೇಶದ ತಿಂಗಳಿನಲ್ಲಿ ಮಾತ್ರ ಉಕ್ಕಿ ಹರಿಯುವುದನ್ನು ಕಂಡು ಯಾವ ತಪಾಸಣಾಧಿಕಾರಿಗೂ ಸೋಜಿಗವಾಗಲಿಲ್ಲ! ದೇಣಿಗೆ ರಶೀದಿಯ ದಿನಾಂಕಗಳನ್ನೂ ಪ್ರವೇಶದ ದಿನಾಂಕಗಳನ್ನೂ ಅಕ್ಕಪಕ್ಕ ಇಟ್ಟರೆ ಸಾಕು, ಮಧ್ಯಾಹ್ನದೊಳಗೆ ಕೆಲಸ ಮುಗಿಯುತ್ತದೆ.

ಇದಕ್ಕೆಲ್ಲ ಹೊಸ ಕಾಯ್ದೆ ಬೇಡ. 2019ರಲ್ಲಿ ಡಿಎವಿ ಕಾಲೇಜು ಟ್ರಸ್ಟ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಸರ್ಕಾರದಿಂದ ಗಣನೀಯ ನೆರವು ಪಡೆಯುವ ಸಂಸ್ಥೆಗಳು ಮಾಹಿತಿ ಹಕ್ಕು ಕಾಯ್ದೆಯ ವ್ಯಾಪ್ತಿಗೆ ಬರುತ್ತವೆ ಎಂದಿತು. ನೆರವೆಂದರೆ ನಗದೇ ಆಗಬೇಕಿಲ್ಲ, ನಗರದಲ್ಲಿ ಪುಕ್ಕಟೆಯಾಗಿ ಅಥವಾ ಭಾರಿ ರಿಯಾಯಿತಿಯಲ್ಲಿ ಕೊಟ್ಟ ಜಮೀನೂ ನೆರವಾಗಬಹುದು ಎಂದೂ ಹೇಳಿತು. ಅನುದಾನ ಪಡೆಯುವ, ಸರ್ಕಾರಿ ಜಮೀನಿನ ಮೇಲೆ ನಿಂತಿರುವ ಕಾಲೇಜುಗಳು ನಿಮ್ಮ ಇಲಾಖೆಯ ಕಡತದಲ್ಲೇ ಇವೆ. ಅವೆಲ್ಲ ಮಾಹಿತಿ ಅಧಿಕಾರಿಯನ್ನು ನೇಮಿಸಬೇಕು, ಜಮೀನಿನ ಸರ್ವೆ ನಂಬರು, ದಾನದ ಷರತ್ತು, ಈಗಿನ ಬಳಕೆ, ಬಾಡಿಗೆ ಮತ್ತು ದೇಣಿಗೆಯ ವಿವರಗಳನ್ನು ಕಾಲೇಜಿನ ಸೂಚನಾ ಫಲಕದಲ್ಲಿ ಹಾಕಬೇಕು ಎಂದು ಒಂದು ಸುತ್ತೋಲೆ ಹೊರಡಿಸಿ. ಪಾಲಿಸದವರನ್ನು ಮುಂದಿನ ಅನುದಾನದ ಕಂತಿಗೆ ಮೊದಲು ಕರೆಸಿ ಕೇಳಿ. ಆಡಳಿತ ಮಂಡಳಿಗಳಲ್ಲಿ ಶಾಸಕರೂ ಮಾಜಿ ಸಚಿವರೂ ಕುಳಿತಿರುವುದರಿಂದ ಈ ಸುತ್ತೋಲೆಗೆ ಸಹಿ ಹಾಕುವುದು ನಿಮಗೆ ಸುಲಭವಲ್ಲ ಎಂದು ಬಲ್ಲೆ. ಹಾಗಾಗಿಯೇ ಲಕೋಟೆಯಲ್ಲಿ ಹಾಕದೆ ಎಲ್ಲರ ಎದುರಿಗೆ ಬರೆಯುತ್ತಿದ್ದೇನೆ.

ಅಜ್ಜನ ದಾನಪತ್ರದ ದೃಢೀಕೃತ ಪ್ರತಿ ನನ್ನ ಬಳಿ ಇದೆ. 'ವಿದ್ಯಾರ್ಥಿಗಳ ಉಪಯೋಗಕ್ಕಾಗಿ ಮಾತ್ರ' ಎಂದು ಅದರ ಮೂರನೆಯ ಪುಟದಲ್ಲಿದೆ. ನಿಮ್ಮ ಇಲಾಖೆಯವರು ಯಾವತ್ತು ಬಂದರೂ ತೋರಿಸುತ್ತೇನೆ.

ಇಂತಿ,
ಅನುದಾನಿತ ಕಾಲೇಜೊಂದರ ನಿವೃತ್ತ ಉಪನ್ಯಾಸಕ