ಹುಡುಗರು ಯಾಕೆ ನಿಲ್ಲುವುದಿಲ್ಲ?

ಮಾನ್ಯ ಸಂಪಾದಕರೇ,

‘ಈಗಿನ ಹುಡುಗರಿಗೆ ನಿಯತ್ತೇ ಇಲ್ಲ, ತಿಂಗಳು ನಿಂತರೆ ಜಾಸ್ತಿ’ ಎಂದು ಇಲ್ಲಿ ಮುಂಬಯಿಯ ಹೋಟೆಲ್ ಮಾಲೀಕರು ಹೇಳುವುದನ್ನು ಕೇಳಿ ಕೇಳಿ ಸಾಕಾಗಿದೆ. ನಾನು ಕುಂದಾಪುರದ ಕಡೆಯವನು. ಕ್ಲೀನರ್ ಆಗಿ ಸೇರಿ ಗಲ್ಲಾದವರೆಗೆ ಬಂದವನು.

ನಮ್ಮ ಹಳೆ ಧಣಿ ಮಹಾ ಮುಂಗೋಪಿ. ಸಂಬಳವೂ ಅಷ್ಟಕ್ಕಷ್ಟೇ. ಆದರೆ ಸಂಜೆಯಾದರೆ ಸಾಕು, ಗಿರಾಕಿ ಎಷ್ಟೇ ಇರಲಿ, ‘ಹೋಗ್ರೋ, ಶಾಲೆಗೆ ಹೊತ್ತಾಯ್ತು’ ಎಂದು ನಮ್ಮನ್ನು ಫೋರ್ಟ್‌ನ ಕನ್ನಡ ರಾತ್ರಿಶಾಲೆಗೆ ಓಡಿಸುತ್ತಿದ್ದರು. ಗಲ್ಲಾದಿಂದ ಎದ್ದು ತಾವೇ ಟೇಬಲ್ ಒರೆಸುತ್ತಿದ್ದರು. ಪಕ್ಕದ ಹೋಟೆಲಿನವರು ಜಾಸ್ತಿ ಸಂಬಳಕ್ಕೆ ಕರೆದರೂ ನಮ್ಮಲ್ಲಿ ಯಾರೂ ಕದಲಲಿಲ್ಲ.

ಈಗ? ಲೋಟ ಒಡೆದರೆ ಸಂಬಳದಲ್ಲಿ ಕಟ್. ಅಡುಗೆಮನೆಯಲ್ಲೂ ಕ್ಯಾಮೆರಾ. ನಾನು ಚಹಾಕ್ಕೆ ಹೋಗುವ ಹೋಟೆಲಿನಲ್ಲಿ ದೋಸೆ ಹುಯ್ಯುವವನು ಜ್ವರ ಬಂದು ಸ್ವಲ್ಪ ಹೊತ್ತು ಕೂತಿದ್ದ. ಮನೆಯಲ್ಲೇ ಕೂತು ನೋಡಿದ ಮಾಲೀಕರು ಫೋನಿನಲ್ಲೇ ಬೈದರು. ಮರುದಿನ ಅವನು ಚೀಲ ಹೆಗಲಿಗೆ ಹಾಕಿಕೊಂಡು ಹೊರಟ. ನಿಯತ್ತಿಲ್ಲದವನು ಅವನಾ?

ಇನ್ನು ಗ್ರಾಚ್ಯುಯಿಟಿ, ಅಂದರೆ ಕೆಲಸ ಬಿಡುವಾಗ ಮಾಲೀಕರು ಕೊಡಬೇಕಾದ ಇಡಿಗಂಟು. 5 ವರ್ಷ ದುಡಿದವರಿಗೆ ವರ್ಷಕ್ಕೆ 15 ದಿನದ ಸಂಬಳದ ಲೆಕ್ಕದಲ್ಲಿ ಕೊಡಬೇಕೆಂದು 1972ರ ಕಾಯ್ದೆಯೇ ಹೇಳಿತ್ತು. ‘ಧಣಿ ನಮ್ಮೂರಿನವರೇ ಅಲ್ವಾ’ ಎಂದು ನಂಬಿ ದುಡಿದ ಎಷ್ಟೋ ಜನ ಬರಿಗೈಲಿ ಊರಿಗೆ ಹೋದರು. ಹಳೆ ಧಣಿಗಳ ಕಾಲದಲ್ಲೂ ಇದು ನಡೆದಿದೆ, ಸುಮ್ನೆ ಯಾಕೆ ಸುಳ್ಳು ಹೇಳಲಿ.

ಹುಡುಗರ ಬಗ್ಗೆ ದೂರುವ ಮಾಲೀಕರು ಮೊದಲು ಕೈಗೊಂದು ನೇಮಕದ ಪತ್ರ, ವಾರಕ್ಕೊಂದು ರಜೆ ಕೊಟ್ಟು ನೋಡಲಿ. ಕ್ಯಾಮೆರಾ ಗಲ್ಲಾದ ಮೇಲಿದ್ದರೆ ಸಾಕು.

– ನಿವೃತ್ತ ಹೋಟೆಲ್ ನೌಕರ, ಮಾಟುಂಗ, ಮುಂಬಯಿ