ಕೂಗಿದ್ದು, ಬಂದದ್ದು, ಬರಬೇಕಾದದ್ದು

ಹಾಸನ

ಮಗಳೇ, ಕರ್ತನ ಹೆಸರಿನಲ್ಲಿ ನಿನಗೆ ಆಶೀರ್ವಾದ.

ನಿನ್ನ ಕಾಗದ ಎರಡು ಸಲ ಓದಿದೆ. ಬೆಳೆ ಹಬ್ಬಕ್ಕೆ ಜನ ಕಾಣಿಕೆ ತಂದ ವಸ್ತುಗಳ ಹರಾಜಿನ ದುಡ್ಡು ಖಜಾಂಚಿಯಾದ ನಿನ್ನ ಕೈಯಲ್ಲೇ ಕರಗಿತು ಎನ್ನುವ ಅರ್ಥ ಬರುವ ಹಾಗೆ ಚರ್ಚಿನ ಸಭೆಯ ವಾಟ್ಸಾಪ್ ಗುಂಪಿನಲ್ಲಿ ಒಬ್ಬರು ಬರೆದರು. ಹೋದ ಭಾನುವಾರ ನೀನು ಕರ್ತನ ಭೋಜನದ ರೊಟ್ಟಿ, ದ್ರಾಕ್ಷಾರಸ ತೆಗೆದುಕೊಳ್ಳಲು ಏಳದೆ ಬೆಂಚಿನಲ್ಲೇ ಕುಳಿತೆ. ಇನ್ನು ಚಿಕ್ಕಮಗಳೂರಿನಲ್ಲೇ ಬೇರೆ ಪ್ರಾರ್ಥನಾ ಮಂದಿರ ನೋಡಿಕೊಳ್ಳುತ್ತೇನೆ ಎಂದಿದ್ದೀಯ. ನೋವಾಗಿದೆ, ಯಾರಿಗಾದರೂ ಆಗುತ್ತದೆ. ಆದರೆ ಬಿಟ್ಟು ಹೋಗುವ ಮಾತು ಈಗ ಬೇಡ. ಮೊದಲು ಲೆಕ್ಕದ ಪುಸ್ತಕ ತೆಗೆ.

ಹಬ್ಬದ ದಿನ ವೇದಿಕೆಯಿಂದ ಹೇಳಿದ ಮೊತ್ತ 86,400 ರೂಪಾಯಿ. ಬ್ಯಾಂಕಿಗೆ ಕಟ್ಟಿದ್ದು 61,900. ನಡುವಿನ 24,500 ಎಲ್ಲಿ ಎಂದು ಜನ ಕೇಳಿದರೆ ಅದು ಚಾಡಿಯಲ್ಲ, ಕೇಳಬೇಕಾದ ಪ್ರಶ್ನೆ. ನಿನ್ನ ಪಟ್ಟಿಯಲ್ಲಿ 11 ಮನೆಗಳ ಬಾಕಿ 18,300 ಇದೆ. ಉಳಿದ 6,200 ಹೊಂದುತ್ತಿಲ್ಲ ಎಂದು ಅತ್ತುಕೊಂಡಿದ್ದೀಯ. ನೀನು ಕಳಿಸಿದ ಪುಟದ ಫೋಟೋ ದೊಡ್ಡದು ಮಾಡಿ ನೋಡು: 14ನೇ ಸಾಲಿನಲ್ಲಿ ಬಾಳೆಗೊನೆ 1,700, ಮತ್ತೆ 31ರಲ್ಲಿ ಬಾಳೆಗೊನೆ. 19ರಲ್ಲಿ ಹುಂಜ 2,000, ಮತ್ತೆ 33ರಲ್ಲಿ ಹುಂಜ. 22ರಲ್ಲಿ ಕಾಳುಮೆಣಸಿನ ಚೀಲ 2,500, ಅದೂ 36ರಲ್ಲಿ ಮತ್ತೊಮ್ಮೆ. ಅವು ಬೇರೆ ಬೇರೆ ವಸ್ತುಗಳಲ್ಲ. ಹರಾಜಿನಲ್ಲಿ ಮೊದಲು ಕೂಗಿ ಹಿಡಿದವರು ಸಂತೋಷಕ್ಕೆ ದೇವರಿಗೇ ವಾಪಸ್ ಕೊಟ್ಟರು, ಅದನ್ನೇ ಮತ್ತೆ ಹರಾಜು ಹಾಕಿದಿರಿ. ಎರಡನೆಯವರು ದುಡ್ಡು ಕೊಟ್ಟಿದ್ದಾರೆ. ಮೊದಲನೆಯವರು ವಸ್ತುವನ್ನೇ ಬಿಟ್ಟುಕೊಟ್ಟೆವಲ್ಲ, ಇನ್ನು ದುಡ್ಡು ಯಾಕೆ ಎಂದುಕೊಂಡು ಮನೆಗೆ ಹೋಗಿದ್ದಾರೆ. ಮೂರನ್ನೂ ಕೂಡಿಸು, ಸರಿಯಾಗಿ 6,200. ಯಾರೂ ಕದ್ದಿಲ್ಲ. ವಾಪಸ್ ಕೊಟ್ಟರೂ ಕೂಗಿದ ದುಡ್ಡು ಕೊಡಬೇಕು ಎಂದು ಹರಾಜಿಗೆ ಮೊದಲು ಯಾರೂ ಹೇಳಲಿಲ್ಲ, ಅಷ್ಟೇ ಆದ ತಪ್ಪು.

ಮುಂದಿನ ವರ್ಷ ಆ ಮಾತನ್ನು ಮೊದಲೇ ಹೇಳಿಸು. ಪ್ರತಿ ವಸ್ತುವಿಗೆ ನಂಬರಿನ ಚೀಟಿ ಅಂಟಿಸು. ಮರುಹರಾಜಾದರೆ ಹೊಸ ನಂಬರ್ ಬೇಡ, 14ಕ್ಕೆ 14ಅ ಎಂದು ಬರೆ. ಕೂಗುವವರು ಒಬ್ಬರು, ಬರೆಯುವವರು ಇನ್ನೊಬ್ಬರು, ದುಡ್ಡು ತೆಗೆದುಕೊಳ್ಳುವವರು ಮೂರನೆಯವರು. ಮೂವರೂ ಒಂದೇ ಮನೆಯವರಾಗಬಾರದು. ಕಾರ್ಬನ್ ಹಾಳೆಯ ರಸೀದಿ ಪುಸ್ತಕ ಇರಲಿ. ಕ್ಯೂಆರ್ ಕೋಡ್ ಸಭೆಯ ಖಾತೆಯದ್ದೇ ಆಗಿರಬೇಕು. ಒಂದು ದಿನದ ಮಟ್ಟಿಗೆ ಎಂದು ನಿನ್ನ ಫೋನಿನದ್ದು ಇಟ್ಟರೂ ಆಮೇಲೆ ನಿನ್ನ ಬಾಯಿಗೆ ಬೆಲೆಯಿಲ್ಲ. ಕೊನೆಗೆ ಒಂದೇ ಮೊತ್ತ ಹೇಳಬೇಡಿ, ಮೂರು ಹೇಳಿ: ಕೂಗಿದ್ದು ಇಷ್ಟು, ಬಂದದ್ದು ಇಷ್ಟು, ಬರಬೇಕಾದದ್ದು ಇಷ್ಟು. ಬಾಕಿದಾರರ ಹೆಸರನ್ನು ಮಾತ್ರ ವೇದಿಕೆಯಿಂದ ಓದಬೇಡ. ಹಬ್ಬದ ಉಮೇದಿನಲ್ಲಿ ಕೂಗಿದ ಬಡವನು ನಾಚಿಕೆಯಿಂದ ಚರ್ಚಿಗೇ ಬರುವುದನ್ನು ನಿಲ್ಲಿಸುತ್ತಾನೆ. ಮನೆಗೆ ಹೋಗು, ಕಂತು ಮಾಡಿಕೊಡು.

ಭಾನುವಾರದ ಕಾಣಿಕೆಗೂ ಇದೇ ಶಿಸ್ತು. ಸಂಬಂಧಿಕರಲ್ಲದ ಇಬ್ಬರು ಎಣಿಸಲಿ, ನೋಟುಗಳ ವಿವರ ಬರೆದು ಇಬ್ಬರೂ ಅಲ್ಲೇ ಸಹಿ ಹಾಕಲಿ. ಖಜಾಂಚಿ ಎಣಿಸಬಾರದು, ಎಣಿಸಿದ್ದನ್ನು ಪಡೆಯಬೇಕು. ಸ್ಮಶಾನದ ಗೋಡೆಗೆಂದು ಬಂದ ಕಾಣಿಕೆ ಗೋಡೆಗೇ ಹೋಗಬೇಕು. ಇದು ನಂಬಿಕೆಯಿಲ್ಲದವರ ಕೆಲಸ ಎಂದು ಹಿರಿಯರು ಯಾರಾದರೂ ಮುಖ ಸಿಂಡರಿಸಿದರೆ ಬೈಬಲಿನ ಎರಡನೆಯ ಕೊರಿಂಥದ ಎಂಟನೆಯ ಅಧ್ಯಾಯ ತೆಗೆದು ತೋರಿಸು. ಕಾಣಿಕೆ ಒಯ್ಯುವಾಗ ಪೌಲನೇ ತನ್ನ ಜೊತೆ ಬೇರೆಯವರನ್ನು ಇಟ್ಟುಕೊಂಡ. ಕರ್ತನ ಮುಂದೆ ಮಾತ್ರವಲ್ಲ, ಮನುಷ್ಯರ ಮುಂದೆಯೂ ಸರಿಯಾಗಿ ಕಾಣಬೇಕು ಎಂದ.

ದುಡ್ಡಿನ ಮಾತು ಆತ್ಮಿಕವಲ್ಲ ಎಂದು ನೀನೂ ಬರೆದಿದ್ದೀಯ. ಹಾಸನದ ರೆಡ್‌ಫರ್ನ್ ಆಸ್ಪತ್ರೆ ಕಟ್ಟಿದ ಮೆಥೊಡಿಸ್ಟ್ ಪಂಗಡದ ಕ್ರೈಸ್ತರ ಚರಿತ್ರೆ ಬೇರೆಯೇ ಹೇಳುತ್ತದೆ. 1742ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಕಟ್ಟಡದ ಸಾಲ ತೀರಿಸಲು ವಾರಕ್ಕೆ ಒಬ್ಬರಿಂದ ಒಂದು ಪೆನ್ನಿ ಎಂದು ಗೊತ್ತು ಮಾಡಿದರು. ಹನ್ನೆರಡು ಜನಕ್ಕೆ ಒಬ್ಬ ನಾಯಕ, ಕೊಡಲಾರದವರ ಪಾಲು ಅವನೇ ಹಾಕಬೇಕು. ಪೆನ್ನಿಗಾಗಿ ಮನೆಮನೆ ಹತ್ತಿದಾಗ ಯಾರ ಮನೆಯಲ್ಲಿ ಜಗಳ, ಯಾರು ಕುಡಿತಕ್ಕೆ ಬಿದ್ದಿದ್ದಾರೆ ಎಂದು ತಿಳಿಯಿತು. ಆ ಪಂಗಡದ ಮುಖಂಡ ಜಾನ್ ವೆಸ್ಲಿ ಅದನ್ನೇ ಸಭಾಪಾಲನೆಯ ದಾರಿ ಮಾಡಿಕೊಂಡರು. ನಿನ್ನ 11 ಬಾಕಿ ಮನೆಗಳೂ ಹಾಗೆಯೇ. ಹೋಗದಿದ್ದರೆ ಅವರ ಕಷ್ಟ ನಿನಗೆ ಗೊತ್ತಾಗುವುದೇ ಇಲ್ಲ.

ಈಗ ಗುಂಪಿನಲ್ಲಿ ಬರೆದ ಆ ಅಣ್ಣನ ವಿಷಯ. ಗುಂಪಿನಲ್ಲಿ ಉತ್ತರ ಹಾಕಬೇಡ, ಒಂದು ಸಾಲೂ ಬೇಡ. ಮತ್ತಾಯ 18ರಲ್ಲಿ ಯೇಸು ಹೇಳಿದ ಕ್ರಮ ನಿನಗೆ ಬಾಯಿಪಾಠ: ಮೊದಲು ಇಬ್ಬರೇ, ಕೇಳದಿದ್ದರೆ ಒಬ್ಬಿಬ್ಬರನ್ನು ಕರೆದುಕೊಂಡು, ಆಮೇಲೆ ಸಭೆಗೆ. ನಮ್ಮಲ್ಲಿ ಇದು ತಲೆಕೆಳಗಾಗಿ ನಡೆಯುತ್ತದೆ. ಮೊದಲು ಊರಿಗೆಲ್ಲ, ಆಮೇಲೆ ಪಾಸ್ಟರ್ ಅಯ್ಯನವರಿಗೆ, ಆ ಮನುಷ್ಯನಿಗೆ ಕೊನೆಗೆ. ಆರಾಧನೆ ಮುಗಿದ ಕೂಡಲೇ ಅಂಗಳದಲ್ಲಿ ಹಿಡಿದು ನಿಲ್ಲಿಸಬೇಡ, ನಾಲ್ಕು ಜನ ಸುತ್ತ ನಿಂತರೆ ಯಾರೂ ಸೋಲುವುದಿಲ್ಲ. ಫೋನೂ ಬೇಡ. ವಾರದ ನಡುವೆ ಸಂಜೆ ಮನೆಗೆ ಹೋಗು, ಕೊಟ್ಟ ಕಾಫಿ ಕುಡಿ. ಮೊದಲ ಮಾತು ಪ್ರಶ್ನೆಯಾಗಿರಲಿ: ಅಣ್ಣಾ, ಯಾವ ಲೆಕ್ಕ ನಿಮಗೆ ಹೊಂದಲಿಲ್ಲ? ಪುಸ್ತಕ ಬಿಚ್ಚಿ 14, 19, 22 ತೋರಿಸು. ಮೊದಲೇ ಹೇಳಬೇಕಿತ್ತು, ಹೇಳಲಿಲ್ಲ ಎಂದು ನಿನ್ನ ಪಾಲಿನ ತಪ್ಪು ನೀನೇ ಒಪ್ಪಿಕೋ. ಅರ್ಧ ಗಂಟೆ ಸಾಕು. ಏಳುವಾಗ ಅವರು ಒಪ್ಪಿದರೆ ಪ್ರಾರ್ಥನೆ ಮಾಡು, ಆದರೆ ಪ್ರಾರ್ಥನೆಯೊಳಗೆ ಅವರಿಗೆ ಚುಚ್ಚಬೇಡ. ಕಣ್ಣು ಮುಚ್ಚಿಕೊಂಡು ದೇವರಿಗೆ ಹೇಳುವ ನೆಪದಲ್ಲಿ ಪಕ್ಕದವನನ್ನು ಬೈಯುವ ಅಭ್ಯಾಸ ನಮ್ಮ ಕುಟುಂಬ ಕೂಟಗಳಲ್ಲಿ ಬಹಳ ಇದೆ, ನನಗೆ ಅದಕ್ಕಿಂತ ಸಂಕಟದ್ದು ಇನ್ನೊಂದಿಲ್ಲ.

ಇದರ ಜೊತೆ ಒಂದು ಎಚ್ಚರಿಕೆ. ಈ ಕ್ರಮ ಮನಸ್ತಾಪಕ್ಕೆ, ಅಪರಾಧ ಮುಚ್ಚಲು ಅಲ್ಲ. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದಿದೆ ಎಂದು ತಿಳಿದರೆ ‘ಮೊದಲು ಇಬ್ಬರೇ ಮಾತಾಡಿ’ ಎನ್ನುವವರ ಮಾತು ಕೇಳಬೇಡ. 2012ರ ಪೋಕ್ಸೋ ಕಾಯ್ದೆಯ ಪ್ರಕಾರ ಪೊಲೀಸರಿಗೆ ತಿಳಿಸುವುದು ಕಡ್ಡಾಯ. ಅಂಥದ್ದನ್ನು ಮುಚ್ಚಿಡುವ ಸಭೆಯನ್ನು ಬಿಡುತ್ತೇನೆ ಎಂದಿದ್ದರೆ ನಾನು ಅಡ್ಡ ಬರುತ್ತಿರಲಿಲ್ಲ. ನಿನಗೆ ಆಗಿರುವುದು ಅದಲ್ಲ, ಅನುಮಾನದ ಗಾಯ. ಅದು ಇನ್ನೊಂದು ಮಂದಿರಕ್ಕೂ ನಿನ್ನ ಹಿಂದೆಯೇ ಬರುತ್ತದೆ.

ಭೋಜನಕ್ಕೆ ಏಳಲಿಲ್ಲ ಎಂದೆಯಲ್ಲ. ಕಾಣಿಕೆಯನ್ನು ಯಜ್ಞವೇದಿಯ ಮುಂದೆಯೇ ಬಿಟ್ಟು ಹೋಗಿ ಸಮಾಧಾನವಾಗು, ಆಮೇಲೆ ಬಂದು ಅರ್ಪಿಸು ಎಂದು ಕರ್ತನು ಹೇಳಿದ್ದು. ನೀನು ಹೋಗಲೂ ಇಲ್ಲ, ಬರಲೂ ಇಲ್ಲ. ಅಯೋಗ್ಯವಾಗಿ ತಿಂದೇನು ಎಂಬ ಭಯವಿದ್ದರೆ ಪೌಲನು ಕೊರಿಂಥದವರನ್ನು ಗದರಿಸಿದ್ದು ಯಾಕೆಂದು ನೋಡು. ಉಳ್ಳವರು ಮೊದಲೇ ಉಂಡು ಮುಗಿಸುತ್ತಿದ್ದರು, ಇಲ್ಲದವರು ಹಸಿದಿರುತ್ತಿದ್ದರು. ಒಬ್ಬರಿಗಾಗಿ ಒಬ್ಬರು ಕಾಯಿರಿ ಎಂದು ಬರೆದ.

ಇದನ್ನು ಓದುವಾಗ ನಿಮ್ಮ ಹಬ್ಬದ ಊಟ ನೆನಪಾಯಿತು. ಆಲ್ದೂರು ಕಡೆಯ ತೋಟದ ಕಾರ್ಮಿಕರ ಲೈನ್ ಮನೆಗಳವರು ಬಸ್ಸು ಹಿಡಿದು ತಡವಾಗಿ ಬಂದಾಗ ಬಿರಿಯಾನಿ ತಳ ಹತ್ತಿತ್ತು ಎಂದು ನೀನೇ ಒಂದು ಸಾಲಿನಲ್ಲಿ ಬರೆದು ಮುಂದೆ ಹೋಗಿದ್ದೀಯ. ಹರಾಜಿನ 24,500ಕ್ಕಿಂತ ನನ್ನನ್ನು ಕಾಡಿದ್ದು ಆ ಸಾಲು. ವಾಟ್ಸಾಪ್‌ನಲ್ಲಿ ಅದರ ಬಗ್ಗೆ ಯಾರೂ ಕೇಳಲಿಲ್ಲ. ಮುಂದಿನ ಸಲ ಅಡುಗೆ ಇಳಿದ ಕೂಡಲೇ 40 ಜನಕ್ಕಾಗುವಷ್ಟು ಬೇರೆ ಪಾತ್ರೆಗೆ ತೆಗೆಸಿ ಮುಚ್ಚಿಡು, ದೂರದವರನ್ನು ಮೊದಲ ಪಂಕ್ತಿಗೆ ಕೂರಿಸು. ಕಾಫಿ ಕೊಯ್ಲಿನ ತಿಂಗಳುಗಳಲ್ಲಿ ಅವರಿಗೆ ಭಾನುವಾರವೂ ಕೆಲಸ ಬೀಳಬಹುದು, ಹಬ್ಬದ ತಾರೀಕು ಗೊತ್ತುಮಾಡುವ ಮೊದಲು ಅವರನ್ನೂ ಕೇಳಿ.

ಬುಧವಾರ ಆ ಅಣ್ಣನ ಮನೆಗೆ ಹೋಗು. ಬಾಕಿ ಪಟ್ಟಿ ಒಯ್ಯಬೇಡ, ಹರಾಜಿನ ಪುಸ್ತಕ ಮಾತ್ರ. ಹೋಗಿ ಬಂದು ಅದೇ ರಾತ್ರಿ ಬರೆ.

ನಿನ್ನ ದೊಡ್ಡಪ್ಪ