ಮುಖ ನೋಡದ ಗುರುಗಳಿಗೆ, ಹೆಸರು ತಿಳಿಯದ ಸಹಪಾಠಿಗೆ

ಹೋದ ಸೋಮವಾರಕ್ಕೆ ನಾನು ಹೊಸ ಕೆಲಸಕ್ಕೆ ಸೇರಿ ಆರು ತಿಂಗಳು ತುಂಬಿತು. ಅಂದೇ ಕೆಲಸ ಕಾಯಂ ಆದ ಪತ್ರವೂ ಕೈಸೇರಿತು. ಹದಿನಾರು ವರ್ಷ ಲೆಕ್ಕಪತ್ರ ವಿಭಾಗದಲ್ಲಿ ದುಡಿದು, ಆ ವಿಭಾಗವೇ ಮುಚ್ಚಿಹೋದ ಮೇಲೆ ನಲವತ್ತನೆಯ ವಯಸ್ಸಿನಲ್ಲಿ ಮನೆಯಲ್ಲಿ ಕುಳಿತಿದ್ದವಳು, ಈಗ ನಲವತ್ತನಾಲ್ಕರಲ್ಲಿ ದತ್ತಾಂಶ ವಿಶ್ಲೇಷಣೆಯ ಕೆಲಸ ಮಾಡುತ್ತಿದ್ದೇನೆ. ಸುದ್ದಿ ತಿಳಿದ ಬಂಧುಮಿತ್ರರು, "ಯಾವ ಕಾಲೇಜಿಗೂ ಹೋಗದೆ, ಯಾರ ಸಹಾಯವೂ ಇಲ್ಲದೆ ಒಬ್ಬಳೇ ಕಲಿತುಬಿಟ್ಟೆಯಲ್ಲ" ಎಂದು ಮೆಚ್ಚಿಕೊಳ್ಳುತ್ತಿದ್ದಾರೆ. ಆ ಮಾತಿನ ಮೊದಲರ್ಧ ನಿಜ, ಉಳಿದರ್ಧ ನಿಜವಲ್ಲ. ನಾನು ಕುಳಿತದ್ದು ಒಬ್ಬಳೇ ಇರಬಹುದು, ಕಲಿತದ್ದು ಒಬ್ಬಳೇ ಅಲ್ಲ. ಯಾರ್‍ಯಾರ ಶ್ರಮದ ಮೇಲೆ ನನ್ನ ಕಲಿಕೆ ನಿಂತಿದೆಯೋ ಅವರಲ್ಲಿ ಹೆಚ್ಚಿನವರಿಗೆ ನಾನೊಬ್ಬಳು ಇದ್ದೇನೆ ಎಂಬುದೇ ತಿಳಿದಿಲ್ಲವಾದ್ದರಿಂದ, ಅವರಿಗೆ ನೇರವಾಗಿ ಹೇಳಲಾಗದ ಧನ್ಯವಾದವನ್ನು ಹೀಗೆ ಎಲ್ಲರೆದುರು ಬರೆದು ಹೇಳುತ್ತಿದ್ದೇನೆ.

ನಾನು ಕಲಿತದ್ದು ಅಂತರ್ಜಾಲದ ಕೋರ್ಸುಗಳಿಂದ. ಎಲ್ಲರಿಗೂ ತೆರೆದಿರುವ ಈ ಬೃಹತ್ ಆನ್‌ಲೈನ್ ಕೋರ್ಸುಗಳನ್ನು ಚಿಕ್ಕದಾಗಿ 'ಮೂಕ್' ಎನ್ನುತ್ತಾರೆ. ಕನ್ನಡದ ಕಿವಿಗೆ ಅದು 'ಮೂಕ' ಎಂದೇ ಕೇಳುತ್ತದೆ, ಮೊದಲ ಕೆಲವು ವಾರ ನನಗೆ ಆ ಹೆಸರು ಸರಿಯಾಗಿಯೇ ಇದೆ ಎನ್ನಿಸಿತ್ತು. ಪರದೆಯ ಮೇಲೆ ಅವರು ಮಾತನಾಡುತ್ತಾರೆ, ನಾನು ಬಾಯಿ ಬಿಡುವಂತಿಲ್ಲ. ಅರ್ಥವಾಗಲಿಲ್ಲ ಎಂದು ಕೈಯೆತ್ತಿದರೆ ನೋಡುವವರಿಲ್ಲ. ನನ್ನನ್ನು ಏಕಲವ್ಯನಿಗೆ ಹೋಲಿಸಿದವರೂ ಇದ್ದಾರೆ. ಆದರೆ ಏಕಲವ್ಯನ ಮಣ್ಣಿನ ಮೂರ್ತಿ ಅವನ ಒಂದು ತಪ್ಪನ್ನೂ ತೋರಿಸಿರಲಾರದು. ನನಗೆ ಸಿಕ್ಕ ಗುರುಗಳೋ, ನನ್ನ ತಪ್ಪುಗಳನ್ನು ನಾನು ಮಾಡುವುದಕ್ಕೆ ಮೊದಲೇ ಊಹಿಸಿ, ಪ್ರತಿಯೊಂದಕ್ಕೂ ಒಂದು ಪರೀಕ್ಷೆಯನ್ನು ಸಿದ್ಧಮಾಡಿ ಇಟ್ಟಿದ್ದರು.

ಮೊದಲ ನಮಸ್ಕಾರ, ಪಾಠವನ್ನು ತರಗತಿಯ ಗೋಡೆಯಾಚೆಗೆ ಬಿಟ್ಟುಕೊಟ್ಟವರಿಗೆ. ತನ್ನ ಕೋರ್ಸುಗಳ ಪಠ್ಯಸಾಮಗ್ರಿಯನ್ನು ಉಚಿತವಾಗಿ ಎಲ್ಲರಿಗೂ ಕೊಡುವುದಾಗಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯ 2001ರಲ್ಲಿ ಪ್ರಕಟಿಸಿತು. 2008ರಲ್ಲಿ ಕೆನಡಾದಲ್ಲಿ ಜಾರ್ಜ್ ಸೀಮೆನ್ಸ್ ಮತ್ತು ಸ್ಟೀಫನ್ ಡೌನ್ಸ್ ನಡೆಸಿದ ಒಂದು ಕೋರ್ಸಿಗೆ ಶುಲ್ಕ ಕಟ್ಟಿದ ಇಪ್ಪತ್ತೈದರಷ್ಟು ವಿದ್ಯಾರ್ಥಿಗಳ ಜೊತೆಗೆ ಎರಡು ಸಾವಿರಕ್ಕೂ ಹೆಚ್ಚು ಮಂದಿ ಹೊರಗಿನಿಂದ ಸೇರಿಕೊಂಡರು. 'ಮೂಕ್' ಎಂಬ ಹೆಸರು ಹುಟ್ಟಿದ್ದು ಆ ಸಂದರ್ಭದಲ್ಲಿಯೇ. 2011ರಲ್ಲಿ ಸ್ಟ್ಯಾನ್‌ಫರ್ಡ್‌ನಿಂದ ಸೆಬಾಸ್ಟಿಯನ್ ಥ್ರುನ್ ಮತ್ತು ಪೀಟರ್ ನಾರ್ವಿಗ್ ಕೃತಕ ಬುದ್ಧಿಮತ್ತೆಯ ಪಾಠವನ್ನು ಎಲ್ಲರಿಗೂ ತೆರೆದಾಗ ಸುಮಾರು 1,60,000 ಮಂದಿ ಹೆಸರು ನೋಂದಾಯಿಸಿದರು, ಮರುವರ್ಷವೇ ಇಂಥ ಕೋರ್ಸುಗಳನ್ನು ಒದಗಿಸುವ ಕೋರ್ಸೆರಾ, ಎಡೆಕ್ಸ್, ಯುಡಾಸಿಟಿ ತಾಣಗಳು ಒಂದರ ಹಿಂದೊಂದು ತಲೆಯೆತ್ತಿದವು. ಆ ವರ್ಷಗಳಲ್ಲಿ ನಾನು ತಿಂಗಳ ಕೊನೆಯ ತಾಳೆಪಟ್ಟಿಯಲ್ಲಿ ಮುಳುಗಿದ್ದೆ. ಇಂಥದ್ದೊಂದು ನಡೆಯುತ್ತಿದೆ ಎಂಬ ಸುಳಿವೂ ಇರಲಿಲ್ಲ. ಹತ್ತು ವರ್ಷದ ನಂತರ ಬಂದು ತಟ್ಟಿದಾಗಲೂ ಆ ಬಾಗಿಲು ತೆರೆದೇ ಇತ್ತು ಎಂಬುದೇ ನನ್ನ ಪಾಲಿಗೆ ದೊಡ್ಡದು.

ಎಂಐಟಿಯ ಗಿಲ್ಬರ್ಟ್ ಸ್ಟ್ರಾಂಗ್ ಅವರ ರೇಖೀಯ ಬೀಜಗಣಿತದ ಪಾಠಗಳನ್ನು ವಿಶೇಷವಾಗಿ ನೆನೆಯಬೇಕು. ಹಳೆಯ, ತುಸು ಮಸುಕಾದ ವಿಡಿಯೊಗಳು. ಕಪ್ಪುಹಲಗೆ, ಸೀಮೆಸುಣ್ಣ ಬಿಟ್ಟರೆ ಅಲಂಕಾರವೇನೂ ಇಲ್ಲ. ಮ್ಯಾಟ್ರಿಕ್ಸ್, ಅಂದರೆ ಅಡ್ಡಸಾಲು-ಕಂಬಸಾಲುಗಳಲ್ಲಿ ಜೋಡಿಸಿದ ಸಂಖ್ಯೆಗಳ, ಗುಣಾಕಾರವನ್ನು ನಾನು ಪಿಯುಸಿಯಲ್ಲಿ ಬಾಯಿಪಾಠ ಮಾಡಿದ್ದೆ: ಅಡ್ಡಸಾಲು ಇತ್ತ, ಕಂಬಸಾಲು ಅತ್ತ, ಗುಣಿಸು, ಕೂಡಿಸು. ಅದೇ ಗುಣಾಕಾರವನ್ನು ಅವರು ಕಂಬಸಾಲುಗಳ ಮಿಶ್ರಣವೆಂದು ತೋರಿಸುತ್ತಾರೆ. ಮೊದಲ ಕಂಬಸಾಲಿನಿಂದ ಇಷ್ಟು, ಎರಡನೆಯದರಿಂದ ಇಷ್ಟು, ಎರಡನ್ನೂ ಸೇರಿಸಿದರೆ ಉತ್ತರ. ಆ ಒಂದು ನೋಟ ಸಿಕ್ಕಿದ ರಾತ್ರಿ ನಾನು ವಿಡಿಯೊ ನಿಲ್ಲಿಸಿ ಸ್ವಲ್ಪ ಹೊತ್ತು ಸುಮ್ಮನೆ ಕುಳಿತಿದ್ದೆ. ಇಪ್ಪತ್ತೆರಡು ವರ್ಷ ಅರ್ಥವಿಲ್ಲದೆ ಹೊತ್ತಿದ್ದ ವಿಧಾನವೊಂದಕ್ಕೆ ಅರ್ಥ ಬಂದಿತ್ತು. ಅವರು 2023ರಲ್ಲಿ ಕೊನೆಯ ಪಾಠ ಮಾಡಿ ನಿವೃತ್ತರಾದರೆಂದು ಓದಿದಾಗ, ಎಂದೂ ಎದುರು ನಿಲ್ಲದ ಗುರುವಿಗಾಗಿ ಕಣ್ಣು ತೇವವಾದದ್ದನ್ನು ಮುಚ್ಚಿಡುವುದಿಲ್ಲ.

ಆದರೂ ಪಾಠ ಹೇಳಿದವರಿಗಿಂತ ಒಂದು ಹಿಡಿ ಹೆಚ್ಚಿನ ಕೃತಜ್ಞತೆ ನನಗೆ ಅಭ್ಯಾಸದ ಲೆಕ್ಕಗಳನ್ನು ರೂಪಿಸಿದವರ ಮೇಲಿದೆ. ವಿಡಿಯೊ ನೋಡುವಾಗ ಎಲ್ಲವೂ ಅರ್ಥವಾದಂತೆಯೇ ಇರುತ್ತದೆ. ಲೆಕ್ಕ ಎದುರು ಬಂದಾಗಲೇ ಬಂಡವಾಳ ಬಯಲಾಗುವುದು. ಡೇವಿಡ್ ಮಾಲನ್ ಅವರು ಹಾರ್ವರ್ಡ್‌ನಿಂದ ಕಲಿಸುವ, ಕಂಪ್ಯೂಟರ್ ವಿಜ್ಞಾನವನ್ನು ಪರಿಚಯಿಸುವ ಸಿಎಸ್50 ಕೋರ್ಸಿನ ಆರಂಭದಲ್ಲಿಯೇ ಒಂದು ಅಭ್ಯಾಸವಿದೆ: ಬಳಕೆದಾರರು ಒಂದರಿಂದ ಎಂಟರೊಳಗಿನ ಒಂದು ಸಂಖ್ಯೆ ಕೊಟ್ಟರೆ, ಅಷ್ಟು ಎತ್ತರದ ಮೆಟ್ಟಿಲನ್ನು ಹ್ಯಾಶ್ (#) ಚಿಹ್ನೆಗಳಿಂದ ಬಲಕ್ಕೆ ಒತ್ತಿ ನಿಲ್ಲಿಸಬೇಕು. ಸಿ ಭಾಷೆಯಲ್ಲಿ ನನ್ನ ಜೀವನದ ಮೂರನೆಯದೋ ನಾಲ್ಕನೆಯದೋ ಪ್ರೋಗ್ರಾಮ್ ಅದು. ನನ್ನ ಮೆಟ್ಟಿಲು ಪರದೆಯ ಮೇಲೆ ಅಚ್ಚುಕಟ್ಟಾಗಿ ಮೂಡಿತು. ಹೆಮ್ಮೆಯಿಂದ ಕೋರ್ಸಿನ ಸ್ವಯಂಚಾಲಿತ ತಪಾಸಣೆಗೆ ಹಾಕಿದರೆ ಸಾಲುಸಾಲಾಗಿ ಕೆಂಪು ಅಳುಮುಖಗಳು! ಅಂಕಿಯ ಬದಲು ಅಕ್ಷರ ಕೊಟ್ಟರೆ ತಿರಸ್ಕರಿಸಬೇಕು ಎಂಬಲ್ಲಿ ಮಾತ್ರ ಹಸಿರು ನಗುಮುಖವಿತ್ತು. ಎರಡು ರಾತ್ರಿ ಆ ಮೆಟ್ಟಿಲನ್ನೇ ದಿಟ್ಟಿಸಿದೆ. ಕಣ್ಣಿಗೆ ಅದರಲ್ಲಿ ಒಂದು ಕೊರತೆಯೂ ಇರಲಿಲ್ಲ. ಮೂರನೆಯ ದಿನ, ಮೊದಲೇ ಆ ಕೋರ್ಸು ಮುಗಿಸಿದ್ದ ಯಾರೋ ಒಬ್ಬರು, ಕೋರ್ಸಿನ ಚರ್ಚಾವೇದಿಕೆಯಲ್ಲಿ ನಾನು ಕೇಳಿದ್ದ ಪ್ರಶ್ನೆಗೆ ಎರಡೇ ಸಾಲಿನ ಉತ್ತರ ಬರೆದಿದ್ದರು: "ಎತ್ತರ ಒಂದು ಎಂದು ಇಟ್ಟುಕೊಳ್ಳಿ. ಕಾಗದ, ಪೆನ್ಸಿಲ್ ತೆಗೆದುಕೊಂಡು ಲೂಪಿನ (ಮತ್ತೆ ಮತ್ತೆ ನಡೆಯುವ ಸೂಚನೆಗಳ) ಮೊದಲ ಸುತ್ತಿನಲ್ಲಿ ಎಷ್ಟು ಖಾಲಿಜಾಗ ಬೀಳುತ್ತದೆ ಎಂದು ಬರೆಯಿರಿ." ಬರೆದೆ. ಒಂದು ಬಿತ್ತು; ಬೀಳಬಾರದಿತ್ತು. ಎಣಿಕೆಯನ್ನು ಸೊನ್ನೆಯಿಂದ ಆರಂಭಿಸಿದ್ದರೂ ಒಂದನ್ನು ಕಳೆಯುವುದನ್ನು ಮರೆತಿದ್ದೆ, ಹಾಗಾಗಿ ಇಡೀ ಮೆಟ್ಟಿಲೇ ಒಂದು ಜಾಗ ಪಕ್ಕಕ್ಕೆ ಸರಿದು ನಿಂತಿತ್ತು. ಎಲ್ಲ ಸಾಲೂ ಒಟ್ಟಿಗೆ ಸರಿದದ್ದರಿಂದಲೇ ನೋಟಕ್ಕೆ ಸಿಕ್ಕಿರಲಿಲ್ಲ. ಹದಿನಾರು ವರ್ಷ ಒಂದು ಪೈಸೆಯ ವ್ಯತ್ಯಾಸವನ್ನು ಹುಡುಕಿ ಹಿಡಿಯುತ್ತಿದ್ದವಳಿಗೆ ಇದು ಸಿಗಲಿಲ್ಲವಲ್ಲ ಎಂದು ನಗುವೂ ಬಂತು. ಉತ್ತರವನ್ನೇ ಬರೆದುಕೊಡುವುದು ಆ ವ್ಯಕ್ತಿಗೆ ಸುಲಭವಿತ್ತು. ಕೊಡದೆ ಇದ್ದುದಕ್ಕಾಗಿ ಅವರಿಗೆ ಋಣಿಯಾಗಿದ್ದೇನೆ.

ಕಲಿಯುವ ಬಗೆಯನ್ನೇ ಕಲಿಸಿದ ಬಾರ್ಬರಾ ಓಕ್ಲಿ ಮತ್ತು ಟೆರೆನ್ಸ್ ಸೆಜ್ನೋವ್ಸ್ಕಿ ಅವರಿಗೂ ವಂದನೆ. ಶಾಲೆಯಲ್ಲಿ ಗಣಿತದಲ್ಲಿ ಅನುತ್ತೀರ್ಣರಾಗಿ, ಸೇನೆ ಸೇರಿ ರಷ್ಯನ್ ಭಾಷೆ ಕಲಿತು, ಇಪ್ಪತ್ತಾರನೆಯ ವಯಸ್ಸಿನಲ್ಲಿ ಗಣಿತಕ್ಕೆ ಮರಳಿ ಎಂಜಿನಿಯರಿಂಗ್ ಪ್ರಾಧ್ಯಾಪಕಿಯಾದ ಓಕ್ಲಿಯವರು ಕಲಿಕೆಯ ಬಗ್ಗೆ ಹೇಳುವಾಗ ಕೇಳುವವರಿಗೆ ನಂಬಿಕೆ ತಾನಾಗಿ ಬರುತ್ತದೆ. ಓದಿದ್ದನ್ನೇ ಮತ್ತೆ ಮತ್ತೆ ಓದಿದರೆ ಬಂದಂತೆ ಭಾಸವಾಗುತ್ತದೆಯೇ ಹೊರತು ಬರುವುದಿಲ್ಲ ಎಂಬುದು ಅವರು ಒತ್ತಿ ಹೇಳುವ ಮಾತು. ಇದಕ್ಕೆ ಆಧಾರವಾದ ಪ್ರಯೋಗಗಳಲ್ಲಿ ಮನೋವಿಜ್ಞಾನಿಗಳಾದ ರೋಡಿಗರ್ ಮತ್ತು ಕಾರ್ಪಿಕೆ 2006ರಲ್ಲಿ ಪ್ರಕಟಿಸಿದ್ದು ಪ್ರಸಿದ್ಧವಾಗಿದೆ: ಓದಿದ ಐದು ನಿಮಿಷಕ್ಕೆ ಪರೀಕ್ಷಿಸಿದಾಗ ಮರುಓದಿದವರೇ ಮುಂದಿದ್ದರು, ಒಂದು ವಾರ ಬಿಟ್ಟು ಪರೀಕ್ಷಿಸಿದಾಗ ನೆನಪಿನಿಂದ ಬರೆದು ನೋಡಿಕೊಂಡಿದ್ದವರು ಮುಂದೆ ಹೋದರು. ಅಲ್ಲಿಯವರೆಗೆ ನಾನು ಮೂರು ಬಣ್ಣದ ಪೆನ್ನುಗಳಲ್ಲಿ ಅಂದವಾದ ಟಿಪ್ಪಣಿ ಬರೆದು, ಅದನ್ನು ನೋಡಿ ಸಂತೋಷಪಡುತ್ತಿದ್ದವಳು. ಅದನ್ನು ಕೈಬಿಟ್ಟು, ಪಾಠ ಮುಗಿದ ಕೂಡಲೇ ಲ್ಯಾಪ್‌ಟಾಪ್ ಮುಚ್ಚಿ ಖಾಲಿ ಹಾಳೆಯ ಮೇಲೆ ನೆನಪಿದ್ದಷ್ಟನ್ನು ಬರೆಯತೊಡಗಿದೆ. ಮೊದಲ ದಿನ ನಾಲ್ಕು ಸಾಲೂ ತುಂಬಲಿಲ್ಲ. ಆ ಅವಮಾನಕ್ಕೆ ಸಾಕ್ಷಿಯಾದ ಹಾಳೆಯನ್ನು ಇಂದಿಗೂ ಇಟ್ಟುಕೊಂಡಿದ್ದೇನೆ.

ಇಲ್ಲಿ ಒಂದು ಲೆಕ್ಕವನ್ನೂ ಒಪ್ಪಿಸಬೇಕು. ನಾನು ಹೆಸರು ಕೊಟ್ಟದ್ದು ಹತ್ತೊಂಬತ್ತು ಕೋರ್ಸುಗಳಿಗೆ, ಮುಗಿಸಿದ್ದು ಆರು. ಎರಡನ್ನು ತೆರೆದೂ ನೋಡಲಿಲ್ಲ. ಒಂದರಲ್ಲಂತೂ ರದ್ದು ಮಾಡಲು ಮರೆತ ಚಂದಾ ಎರಡು ತಿಂಗಳು ಸದ್ದಿಲ್ಲದೆ ಖಾತೆಯಿಂದ ಕಡಿತವಾಗಿತ್ತು, ಕೇಳಿದರೆ ಹಣ ಹಿಂದಿರುಗಿಸಲಾಗದೆಂದರು. ನನ್ನ ಪಾಡು ಹೊಸದೇನಲ್ಲ: ಎಂಐಟಿ ಮತ್ತು ಹಾರ್ವರ್ಡ್‌ಗಳು ಎಡೆಕ್ಸ್ ಮೂಲಕ ನಡೆಸಿದ ಕೋರ್ಸುಗಳನ್ನು ಅಧ್ಯಯನ ಮಾಡಿದ ಸಂಶೋಧಕರು 2019ರಲ್ಲಿ ಪ್ರಕಟಿಸಿದ ಲೇಖನದ ಪ್ರಕಾರ, 2017–18ರಲ್ಲಿ ನೋಂದಾಯಿಸಿಕೊಂಡ ನೂರು ಜನರಲ್ಲಿ ಕೊನೆಯವರೆಗೆ ತಲುಪಿದವರು ಮೂವರಷ್ಟೇ. ಇದನ್ನು ಓದಿ ನಾನು ಮೂವರಲ್ಲಿ ಒಬ್ಬಳು ಎಂದು ಬೀಗುವುದು ಸುಲಭ. ಆದರೆ ಹದಿಮೂರು ಬಾರಿ ನಾನು ಆ ತೊಂಬತ್ತೇಳರಲ್ಲಿಯೂ ಒಬ್ಬಳಾಗಿದ್ದೆ. ಅರ್ಧಕ್ಕೆ ಬಿಟ್ಟ ಸಂಭವನೀಯತೆಯ ಕೋರ್ಸಿನ ಮೂರು ವಾರದ ಪಾಠವೇ ಈಗ ಕಚೇರಿಯಲ್ಲಿ ನನಗೆ ದಿನವೂ ಉಪಯೋಗಕ್ಕೆ ಬರುತ್ತಿದೆ. ಬಿಟ್ಟು ಹೋದರೂ ಬೈಯದೆ, ಮರಳಿ ಬಂದರೂ ಪ್ರಶ್ನಿಸದೆ ಇದ್ದ ಆ ಕೋರ್ಸುಗಳಿಗೂ ಧನ್ಯವಾದ ಸಲ್ಲಬೇಕು. ಇಂಥ ಸಹನೆ ಯಾವ ತರಗತಿಯಲ್ಲಿ ನನಗೆ ಸಿಗುತ್ತಿತ್ತೋ ಕಾಣೆ.

ಇನ್ನು ಆ ಸಹಪಾಠಿ. ಸಾವಿರಾರು ಮಂದಿಯ ವರದಿಗಳನ್ನು ಅಧ್ಯಾಪಕರೇ ಓದಿ ಅಂಕ ಕೊಡುವುದು ಸಾಧ್ಯವಿಲ್ಲದ್ದರಿಂದ, ಇಂಥ ಅನೇಕ ಕೋರ್ಸುಗಳಲ್ಲಿ ವಿದ್ಯಾರ್ಥಿಗಳೇ ಪರಸ್ಪರರ ಕೆಲಸವನ್ನು ನಿಗದಿತ ಮಾನದಂಡದಂತೆ ತೂಗುತ್ತಾರೆ. ಹೆಚ್ಚಿನವರು 'ಚೆನ್ನಾಗಿದೆ' ಎಂದು ಬರೆದು ಮುಂದೆ ಹೋಗುತ್ತಾರೆ; ನಾನೂ ಹಾಗೆ ಮಾಡಿದ್ದುಂಟು. ಆದರೆ ನನ್ನ ವರದಿಯನ್ನು ನೋಡಿದ ಒಬ್ಬರು ಪೂರ್ಣ ಅಂಕ ಕೊಟ್ಟ ಮೇಲೆಯೂ ಒಂದು ಟಿಪ್ಪಣಿ ಬಿಟ್ಟಿದ್ದರು. ನನ್ನ ಸ್ತಂಭಾಲೇಖದ ಲಂಬ ಅಕ್ಷ ಸೊನ್ನೆಯಿಂದಲ್ಲ, ಎಂಬತ್ತರಿಂದ ಆರಂಭವಾಗಿತ್ತು. ಹಾಗಾಗಿ ಎಂಬತ್ತೆರಡು ಮತ್ತು ಎಂಬತ್ತಾರರ ನಡುವಿನ ಸಣ್ಣ ವ್ಯತ್ಯಾಸ ಮೂರು ಪಟ್ಟು ಎತ್ತರವಾಗಿ ಕಾಣುತ್ತಿದೆ, ಓದುವವರು ಮೋಸಹೋಗುತ್ತಾರೆ ಎಂದು ಅವರು ವಿವರಿಸಿದ್ದರು. ಮೋಸಮಾಡುವ ಉದ್ದೇಶ ನನ್ನದಾಗಿರಲಿಲ್ಲ. ತಂತ್ರಾಂಶ ತಾನಾಗಿ ಹಾಕಿದ ಅಕ್ಷವನ್ನು ಹಾಗೆಯೇ ಒಪ್ಪಿಕೊಂಡಿದ್ದೆ, ಅಷ್ಟೆ. ಕೆಲಸದ ಸಂದರ್ಶನದಲ್ಲಿ ಒಂದು ಆಲೇಖ ಕೊಟ್ಟು ಇದರಲ್ಲೇನು ಕಾಣುತ್ತದೆ ಎಂದು ಕೇಳಿದಾಗ ನನ್ನ ಕಣ್ಣು ಮೊದಲು ಹೋದದ್ದು ಅಕ್ಷದ ಕೆಳತುದಿಗೆ. ಆ ಸಹಪಾಠಿ ಯಾವ ದೇಶದವರೋ, ಯಾವ ವಯಸ್ಸಿನವರೋ ತಿಳಿಯದು.

ಪ್ರಮಾಣಪತ್ರಕ್ಕೆ ಹಣ ಕಟ್ಟಲಾಗದ ಸ್ಥಿತಿಯಲ್ಲಿ ಆರ್ಥಿಕ ನೆರವಿಗೆಂದು ಕೋರ್ಸೆರಾಕ್ಕೆ ನಾನು ಬರೆದ ಅರ್ಜಿಯನ್ನು ಎರಡು ವಾರದೊಳಗೆ ಒಪ್ಪಿಕೊಂಡವರಿಗೆ, ವೇಗದ ಇಂಗ್ಲಿಷ್ ಹಿಡಿಯಲಾಗದವರಿಗಾಗಿ ಪ್ರತಿ ಮಾತನ್ನೂ ಸಬ್‌ಟೈಟಲ್ ಆಗಿ ಇಳಿಸಿದವರಿಗೆ ನಮಸ್ಕಾರಗಳು.

ಮನೆಯವರ ವಿಷಯಕ್ಕೆ ಬಂದರೆ, ಅವರಿಗೆ ಈ ಕಲಿಕೆ ಬಹುಕಾಲ ಕೆಲಸವೆಂದೇ ಅನ್ನಿಸಿರಲಿಲ್ಲ. ಅದರಲ್ಲಿ ಅವರ ತಪ್ಪೂ ಇಲ್ಲ. ಕಿವಿಗೆ ಹೆಡ್‌ಫೋನ್ ಹಾಕಿ ಪರದೆ ನೋಡುತ್ತ ಕುಳಿತವಳು ಓದುತ್ತಿದ್ದಾಳೋ ಸಿನಿಮಾ ನೋಡುತ್ತಿದ್ದಾಳೋ ಎಂದು ಹೊರಗಿನಿಂದ ಹೇಳುವುದು ಹೇಗೆ? ನಮ್ಮ ಯಜಮಾನರು ಒಂದು ಭಾನುವಾರ ಪಕ್ಕದಲ್ಲಿ ಕುಳಿತು ಒಂದಿಡೀ ಪಾಠ ಕೇಳಿದರು. ಏನೂ ಅರ್ಥವಾಗಲಿಲ್ಲವೆಂದು ಎದ್ದು ಹೋದವರು, ಮರುದಿನದಿಂದ ರಾತ್ರಿ ಒಂಬತ್ತರ ಮೇಲೆ ಮನೆಯ ಯಾವ ಕೆಲಸಕ್ಕೂ ನನ್ನನ್ನು ಕರೆಯಲಿಲ್ಲ. ಕ್ಯಾಮೆರಾ ಕಣ್ಗಾವಲಿನಲ್ಲಿ ನಡೆದ ಅಂತಿಮ ಪರೀಕ್ಷೆಯ ದಿನ ಮಗಳು ಕೋಣೆಯ ಬಾಗಿಲಿಗೆ 'ಅಮ್ಮನಿಗೆ ಪರೀಕ್ಷೆ, ಯಾರೂ ಬರಬೇಡಿ' ಎಂದು ಚೀಟಿ ಅಂಟಿಸಿದ್ದಳು. ಅಷ್ಟಾದರೂ ಅಜ್ಜಿಗೆ ಕನ್ನಡಕವಿಲ್ಲದೆ ಅದು ಕಾಣದು ಎಂದು ಹೊಳೆದು, ಎರಡು ಗಂಟೆ ಬಾಗಿಲ ಹೊರಗೆ ತಾನೇ ಕಾವಲು ಕುಳಿತಳು. ನಮ್ಮ ಅತ್ತೆಯವರು ಅಂದು ಮೊಮ್ಮಗಳ ಪಕ್ಕದಲ್ಲೇ ಕುಳಿತು, ಆಗಾಗ "ಮುಗೀತಾ?" ಎಂದು ಪಿಸುಗುಟ್ಟುತ್ತಿದ್ದರಂತೆ.

ಈಗ ಬಿಡುವಾದಾಗಲೆಲ್ಲ ಆ ಸಿಎಸ್50 ಕೋರ್ಸಿನ ಹೊಸ ವಿದ್ಯಾರ್ಥಿಗಳ ಪ್ರಶ್ನೆಗಳನ್ನು ನೋಡುತ್ತಿರುತ್ತೇನೆ. ಮೊನ್ನೆ ಒಬ್ಬರು, ಮೆಟ್ಟಿಲು ಸರಿಯಾಗಿಯೇ ಇದ್ದರೂ ತಪಾಸಣೆ ಒಪ್ಪುತ್ತಿಲ್ಲ, ತಪಾಸಣೆಯಲ್ಲಿಯೇ ದೋಷವಿರಬೇಕು ಎಂದು ಸ್ವಲ್ಪ ಸಿಟ್ಟಿನಲ್ಲಿಯೇ ಬರೆದಿದ್ದರು. ಎತ್ತರವನ್ನು ಒಂದು ಎಂದು ಇಟ್ಟುಕೊಂಡು, ಕಾಗದ, ಪೆನ್ಸಿಲ್ ತೆಗೆದುಕೊಳ್ಳುವಂತೆ ಕೇಳಿಕೊಂಡು ಎರಡು ಸಾಲು ಬರೆದಿದ್ದೇನೆ. ಅವರಿಂದ ಇನ್ನೂ ಉತ್ತರ ಬಂದಿಲ್ಲ.